ಕಾಡಿಗೆ ಕಾಣದ ಕಣ್ಣು

ಇಂದು ನಮ್ಮ ಕೈಯಲ್ಲಿರುವ ಕನ್ನಡ ಗ್ರಂಥಗಳಲ್ಲಿ ಎಲ್ಲಕ್ಕಿಂತ ಹಳೆಯದಕ್ಕೂ ನಮ್ಮ ಕಲಬುರಗಿ ಜಿಲ್ಲೆಗೂ ಹತ್ತಿರದ ನಂಟಿದೆ. ಸೇಡಂ ತಾಲೂಕಿನಲ್ಲಿ ಕಾಗಿಣಾ ದಂಡೆಯ ಮೇಲಿರುವ ಮಳಖೇಡವೇ ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯ ಸುಮಾರು ಕ್ರಿ.ಶ. 850ರ ಹೊತ್ತಿಗೆ ‘ಕವಿರಾಜಮಾರ್ಗ’ವನ್ನು ರಚಿಸಿದ. ಅದರ ಮೊದಲ ಪರಿಚ್ಛೇದವೇ ಬರಹದ ದೋಷ ಯಾವುದು, ದೋಷವಲ್ಲದ್ದು ಯಾವುದು ಎಂಬ ವಿಚಾರಕ್ಕೆ ಮೀಸಲು. ಅಲ್ಲಿ ಅವನು ಹೇಳುವ ಎರಡು ಸಂಗತಿಗಳು ಇವತ್ತಿನ ನನ್ನ ಮಾತಿಗೆ ಬುನಾದಿ. ಮೊದಲನೆಯದು, ಕಣ್ಣಿಗೆ ತನ್ನದೇ ಕಾಡಿಗೆ ಕಾಣದ ಹಾಗೆ ಬರೆದವನಿಗೆ ತನ್ನ ತಪ್ಪು ಕಾಣದು. ಎರಡನೆಯದು, ಈ ನಾಡಿನ ಜನ ಪಂಡಿತರಲ್ಲದಿದ್ದರೂ ಬರಹದಲ್ಲಿ ಎಡವಿದ ತಾಣ ಸಿಕ್ಕಿತೆಂದರೆ ಬಿಡದೆ ಹಿಡಿದು ಇಡೀ ಕೃತಿಯನ್ನೇ ಹಳಿದುಬಿಡುತ್ತಾರೆ. ಬರೆಯುವವನಿಗೆ ಇನ್ನೊಬ್ಬರ ಕಣ್ಣು ಏಕೆ ಬೇಕು ಎಂಬುದನ್ನು ಮೊದಲ ಮಾತು ಹೇಳಿದರೆ, ಆ ಇನ್ನೊಂದು ಕಣ್ಣಿನಿಂದ ಬರುವ ಅಪಾಯವನ್ನು ಎರಡನೆಯದು ಹೇಳುತ್ತದೆ. ಆಳಂದ, ಅಫಜಲಪುರ, ಜೇವರ್ಗಿಯ ಹೈಸ್ಕೂಲುಗಳಲ್ಲಿ ಮಕ್ಕಳು ಬರೆಯುವ ಪ್ರಬಂಧಕ್ಕೆ ಈ ಎರಡನ್ನೂ ಹಚ್ಚಿ ನೋಡೋಣ. ನನ್ನ ವಾದ ಇಷ್ಟೇ: ವಿದ್ಯಾರ್ಥಿ ಬರೆದ ಪ್ರಬಂಧ ಮೇಷ್ಟ್ರ ಕೆಂಪು ಶಾಯಿಗೆ ಹೋಗುವ ಮೊದಲು ಪಕ್ಕದಲ್ಲಿ ಕುಳಿತ ಗೆಳೆಯನ ಓದಿಗೆ ಹೋಗಬೇಕು, ಆ ಓದನ್ನು ಕೇಳಿ ಬರೆದವನು ತಾನೇ ಮತ್ತೊಮ್ಮೆ ಬರೆಯಬೇಕು.

ಈಗ ನಡೆಯುತ್ತಿರುವುದು ಬೇರೆ. ಪ್ರಬಂಧ ಎಂದ ಕೂಡಲೇ ಮಕ್ಕಳ ಕೈ ತಾನಾಗಿ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಮೂರು ತಲೆಬರಹ ಹಾಕಿಕೊಳ್ಳುತ್ತದೆ. ಗ್ರಂಥಾಲಯದ ಮಹತ್ವ, ಪರಿಸರ ಮಾಲಿನ್ಯ, ರಾಷ್ಟ್ರೀಯ ಹಬ್ಬಗಳು, ಜಲ ಸಂರಕ್ಷಣೆ, ಹೀಗೆ ವಿಷಯಗಳೂ ವರ್ಷವರ್ಷ ಅವೇ. ಗೈಡಿನಲ್ಲಿದ್ದದ್ದು ನೋಟುಪುಸ್ತಕಕ್ಕೆ ಬರುತ್ತದೆ, ನೋಟುಪುಸ್ತಕದ್ದು ಉತ್ತರಪತ್ರಿಕೆಗೆ ಹೋಗುತ್ತದೆ. ಮಕ್ಕಳು ಸೋಮಾರಿಗಳೆಂದು ಇದಕ್ಕೆ ಕಾರಣ ಹೇಳುವುದು ಅನ್ಯಾಯ. ಬರೆಯುವ ಮಗುವಿಗೆ ಓದುಗನೇ ಇಲ್ಲ. ಓದುವವರು ಮೇಷ್ಟ್ರು, ಇಲ್ಲವೇ ಎಲ್ಲೋ ದೂರದಲ್ಲಿ ಕುಳಿತ ಮೌಲ್ಯಮಾಪಕರು. ಇಬ್ಬರಿಗೂ ವಿಷಯ ಮೊದಲೇ ಗೊತ್ತಿದೆ ಎಂಬುದು ಮಗುವಿಗೆ ಗೊತ್ತು. ಗೊತ್ತಿದ್ದವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ, ಒಪ್ಪಿಸುತ್ತಾರೆ. ಮಗ್ಗಿ ಒಪ್ಪಿಸಿದಂತೆ ಪ್ರಬಂಧವನ್ನೂ ಒಪ್ಪಿಸುವುದು ಅಲ್ಲಿಂದಲೇ ಬಂದ ರೂಢಿ.

ಈ ಮೂರು ತಾಲೂಕುಗಳಲ್ಲಿ ಓದುಗನಿಲ್ಲದ ಈ ಕೊರತೆ ಉಳಿದೆಡೆಗಿಂತ ಆಳವಾಗಿದೆ. 1948ರ ಸೆಪ್ಟೆಂಬರಿನವರೆಗೆ ಇದು ನಿಜಾಮರ ಸೀಮೆ; ಸರಕಾರದ ಭಾಷೆ ಉರ್ದು, ಮೇಲಿನ ಓದಿನ ಭಾಷೆಯೂ ಅದೇ. ಹೈದರಾಬಾದಿನಲ್ಲಿ 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿಯೇ ಕಲಿಸುತ್ತಿತ್ತು. ಕನ್ನಡ ಇಲ್ಲಿ ಆಡುಮಾತಾಗಿ, ತತ್ವಪದವಾಗಿ, ಭಜನೆಯಾಗಿ ತುಂಬಿ ಹರಿಯಿತು. ಶಾಲೆಯ ಬರಹವಾಗಿ ಬೇರೂರಲು ಅದಕ್ಕೆ ಸಿಕ್ಕ ಕಾಲ ಬಹಳ ಕಡಿಮೆ. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದಲ್ಲಿ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು; ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿವೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದರೆ ನಮ್ಮ ಜಿಲ್ಲೆಯದು ಶೇ. 64.85. ಈ ಅಂಕಿಗಳನ್ನು ನಾವು ಸಾಮಾನ್ಯವಾಗಿ ರಸ್ತೆ, ನೀರು, ಅನುದಾನದ ಮಾತು ಬಂದಾಗ ತೆಗೆಯುತ್ತೇವೆ. ಒಂದು ನೋಟುಪುಸ್ತಕದ ಪಕ್ಕದಲ್ಲಿಟ್ಟು ನೋಡಿದರೆ ಅವು ಹೇಳುವುದು ಇನ್ನೊಂದು: ಇಲ್ಲಿನ ಎಷ್ಟೋ ಮನೆಗಳಲ್ಲಿ ಪುಟಗಟ್ಟಲೆ ಬರೆಯುವವರು ಆ ಮಗುವೇ ಮೊದಲು. ಧಾರವಾಡದಲ್ಲೋ ಮೈಸೂರಿನಲ್ಲೋ ಓದಿದವರ ಮನೆಯ ಮಗು ಬರೆದ ಪ್ರಬಂಧವನ್ನು ಅಪ್ಪ ನೋಡುತ್ತಾನೆ, ಅಕ್ಕ ನೋಡುತ್ತಾಳೆ, “ಇಲ್ಲಿ ಏನೋ ಬಿಟ್ಟೀಯಲ್ಲ” ಎನ್ನುತ್ತಾರೆ. ಆ ಮಗುವಿಗೆ ತನಗರಿವಿಲ್ಲದೆ ಎರಡನೆಯ ಕಣ್ಣು ಸಿಗುತ್ತದೆ. ಮನೆಯಲ್ಲಿ ಅದು ಸಿಗದ ಮಗುವಿಗೆ ಶಾಲೆಯೇ ಒದಗಿಸಬೇಕು, ಮತ್ತು ಶಾಲೆಯಲ್ಲಿ ಧಾರಾಳವಾಗಿ ಇರುವುದು ಸಹಪಾಠಿಗಳೇ.

ತಿದ್ದುವುದು ಎಂಬ ಮಾತನ್ನು ನಾವು ತೀರ ಕಿರಿದು ಮಾಡಿದ್ದೇವೆ. ಒತ್ತಕ್ಷರ, ದೀರ್ಘ, ಅಲ್ಪಪ್ರಾಣ–ಮಹಾಪ್ರಾಣ ಸರಿಪಡಿಸಿದರೆ ತಿದ್ದಿದಂತಾಯಿತು ಎಂದುಕೊಳ್ಳುತ್ತೇವೆ. ಅಫಜಲಪುರ ತಾಲೂಕಿನ ಒಬ್ಬ ಹುಡುಗಿ ಪ್ರವಾಹದ ಮೇಲೆ ಹೀಗೆ ಬರೆದಳು ಎಂದಿಟ್ಟುಕೊಳ್ಳಿ: ಪ್ರವಾಹವು ಒಂದು ನೈಸರ್ಗಿಕ ವಿಕೋಪ, ಇದರಿಂದ ಅಪಾರ ಪ್ರಮಾಣದ ಬೆಳೆಹಾನಿಯಾಗಿ ಜನಜೀವನ ಅಸ್ತವ್ಯಸ್ತವಾಗುತ್ತದೆ, ಆದ್ದರಿಂದ ನಾವೆಲ್ಲರೂ ಪರಿಸರವನ್ನು ಕಾಪಾಡಬೇಕು. ಇದರಲ್ಲಿ ಕಾಗುಣಿತದ ತಪ್ಪು ಒಂದೂ ಇಲ್ಲ. ಕೆಂಪು ಶಾಯಿಗೆ ಇಲ್ಲಿ ಕೆಲಸವಿಲ್ಲ; ಒಂದು ರೈಟು ಗುರುತು ಬೀಳುತ್ತದೆ, ಕೆಳಗೆ ‘ಉತ್ತಮ’ ಎಂದು ಸಹಿ. ಆದರೆ ಇದೇ ಹಾಳೆಯನ್ನು ಅದೇ ತರಗತಿಯ, ಹೊಳೆಯಿಂದ ದೂರದ ಊರಿನ ಹುಡುಗಿ ಓದಿದರೆ ಅವಳ ಬಾಯಲ್ಲಿ ಬರುವ ಪ್ರಶ್ನೆಗಳೇ ಬೇರೆ. “ಯಾವ ಬೆಳಿ ಹೋಯ್ತು? ತೊಗರಿನೋ, ಕಬ್ಬೋ, ಹತ್ತಿನೋ? ಬಂದದ್ದು ಮಳಿ ನೀರೋ, ಉಜನಿಯಿಂದ ಬಿಟ್ಟ ನೀರೋ? ನೀವು ಎಲ್ಲಿ ಮಲಗಿದ್ರಿ? ದನ ಏನು ಮಾಡಿದ್ರಿ? ಪರಿಸರ ಕಾಪಾಡಿದ್ರ ಆ ನೀರು ನಿಲ್ತಿತ್ತೇನು?” ಈ ಐದು ಪ್ರಶ್ನೆಗೆ ಉತ್ತರ ಬರೆಯಲು ಕುಳಿತಾಗ ಗೈಡು ಮುಚ್ಚಲೇಬೇಕಾಗುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ಕಂಡ ಮಕ್ಕಳಿಗೆ ಹೇಳಲು ಏನೂ ಇಲ್ಲವೇ? ಬೇಕಾದಷ್ಟಿದೆ. ಅದನ್ನು ಕೇಳುವವರು ಇಲ್ಲದ್ದರಿಂದ ಅದು ಹಾಳೆಗೆ ಬರಲಿಲ್ಲ. ಕೊನೆಯ ಪ್ರಶ್ನೆಯಂತೂ ವಾದದ ಬುಡಕ್ಕೇ ಕೈ ಹಾಕುತ್ತದೆ: ಮೇಲೆ ಮಹಾರಾಷ್ಟ್ರದಲ್ಲಿ ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರಿಗೂ ಊರಿನವರು ಪರಿಸರ ಕಾಪಾಡುವುದಕ್ಕೂ ಏನು ಸಂಬಂಧ? ಬರೆದವಳು ಈಗ ಯೋಚಿಸಬೇಕು. ಮುನ್ಸೂಚನೆಯ ಬಗ್ಗೆಯೋ, ದಂಡೆಯ ಮೇಲೆ ಮನೆ ಕಟ್ಟುವ ಬಗ್ಗೆಯೋ, ಎರಡು ರಾಜ್ಯಗಳ ನಡುವಿನ ಹೊಂದಾಣಿಕೆಯ ಬಗ್ಗೆಯೋ ಬರೆಯಬೇಕು. ಮರುಬರಹ ಎಂದರೆ ಇದು. ಅಕ್ಷರ ತಿದ್ದುವುದು ಇದಾದ ಮೇಲಿನ ಕೆಲಸ. ಉಳುಮೆಗೆ ಮೊದಲೇ ಕಳೆ ಕೀಳುವವರು ಉಂಟೇ? ನಮ್ಮ ಶಾಲೆಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ.

ಬಡವರ ಮಕ್ಕಳಿಂದ ಇದು ಆಗುತ್ತದೆಯೇ ಎಂದು ಅನುಮಾನಿಸುವವರು ಇಟಲಿಯ ಬಾರ್ಬಿಯಾನಾ ಎಂಬ ಗುಡ್ಡಗಾಡಿನ ಶಾಲೆಯನ್ನು ನೆನೆಯಬೇಕು. ಲೊರೆಂಜೊ ಮಿಲಾನಿ ಎಂಬ ಪಾದ್ರಿ ಅಲ್ಲಿ ಪರೀಕ್ಷೆಯಲ್ಲಿ ನಪಾಸಾಗಿ ಶಾಲೆ ಬಿಟ್ಟ ರೈತಾಪಿ ಹುಡುಗರಿಗೆ ಕಲಿಸುತ್ತಿದ್ದ. ಆ ಹುಡುಗರಲ್ಲಿ ಎಂಟು ಮಂದಿ ಸೇರಿ ಬರೆದ ‘ಶಿಕ್ಷಕಿಗೊಂದು ಪತ್ರ’ 1967ರಲ್ಲಿ ಪ್ರಕಟವಾಗಿ ಇಟಲಿಯ ಶಿಕ್ಷಣದ ಚರ್ಚೆಯನ್ನೇ ಬದಲಿಸಿತು. ಬರೆದ ಬಗೆಯನ್ನೂ ಅವರೇ ಅದರಲ್ಲಿ ವಿವರಿಸಿದ್ದಾರೆ. ಹೊಳೆದದ್ದನ್ನೆಲ್ಲ ಒಬ್ಬೊಬ್ಬರೂ ಚೀಟಿಯಲ್ಲಿ ಬರೆದುಕೊಳ್ಳುವುದು, ಚೀಟಿಗಳನ್ನು ಕೂಡಿಸಿ ಗುಂಪು ಮಾಡುವುದು, ಎರಡೆರಡು ಸಲ ಬಂದದ್ದನ್ನು ತೆಗೆಯುವುದು, ಉದ್ದವಾದ ವಾಕ್ಯ ಮುರಿಯುವುದು, ಬೇಡದ ಪದ ಕಿತ್ತುಹಾಕುವುದು; ಕೊನೆಗೆ ಹೊರಗಿನವರನ್ನು, ಅದರಲ್ಲೂ ಹೆಚ್ಚು ಓದದವರನ್ನು, ಒಬ್ಬೊಬ್ಬರನ್ನಾಗಿ ಕರೆದು ಓದಿಸಿ, ತಾವು ಹೇಳಬೇಕೆಂದದ್ದೇ ಅವರಿಗೆ ತಿಳಿಯಿತೇ ಎಂದು ನೋಡುವುದು. ಅದಕ್ಕೂ ಮುಂಚೆ 1920ರ ದಶಕದಲ್ಲಿ ಫ್ರಾನ್ಸಿನ ಹಳ್ಳಿಮೇಷ್ಟ್ರು ಸೆಲೆಸ್ತೆಂ ಫ್ರೆನೆ ಮಕ್ಕಳ ಬರಹವನ್ನು ಕರಿಹಲಗೆಯ ಮೇಲೆ ಹಾಕಿ, ಇಡೀ ತರಗತಿಯಿಂದ ತಿದ್ದಿಸಿ, ಶಾಲೆಯಲ್ಲೇ ಇಟ್ಟ ಪುಟ್ಟ ಮುದ್ರಣಯಂತ್ರದಲ್ಲಿ ಮಕ್ಕಳ ಕೈಯಿಂದಲೇ ಅಚ್ಚು ಹಾಕಿಸುತ್ತಿದ್ದ. ಇವೆರಡೂ ಶ್ರೀಮಂತ ಶಾಲೆಗಳಲ್ಲ ಎಂಬುದನ್ನು ಗಮನಿಸಬೇಕು.

ದೂರದ ಮಾತೇ ಬೇಕೆಂದಿಲ್ಲ. ‘ಶೂನ್ಯಸಂಪಾದನೆ’ಯನ್ನು ನಾವು ಒಂದು ಗ್ರಂಥವೆಂದು ಕರೆಯುತ್ತೇವೆ, ಅದು ನಾಲ್ಕು ಗ್ರಂಥ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ವಚನಗಳನ್ನು ಆರಿಸಿ, ಅಲ್ಲಮಪ್ರಭುವನ್ನು ನಡುವೆ ನಿಲ್ಲಿಸಿ, ಶರಣರ ಸಂವಾದವಾಗಿ ಹೆಣೆದ. ಅದನ್ನು ಮುಂದಿಟ್ಟುಕೊಂಡು ಹಲಗೆಯದೇವ, ಆಮೇಲೆ ಗುಮ್ಮಳಾಪುರದ ಸಿದ್ಧಲಿಂಗಯತಿ, ಆಮೇಲೆ ಗೂಳೂರು ಸಿದ್ಧವೀರಣ್ಣೊಡೆಯ ಸೇರಿಸಿ, ಬಿಟ್ಟು, ಕ್ರಮ ಬದಲಿಸಿ ಮತ್ತೆ ಮತ್ತೆ ರೂಪಿಸಿದರು. ಮೊದಲಿನವನ ಕೃತಿಗೆ ಅದರಿಂದ ಅವಮಾನವಾಯಿತೆಂದು ಯಾರೂ ಬಗೆಯಲಿಲ್ಲ. ಇಂದಿಗೂ ಅಚ್ಚಾಗುವ ಪುಸ್ತಕ, ಪತ್ರಿಕೆಯ ಲೇಖನ, ಅಷ್ಟೇಕೆ, ಆಕಾಶವಾಣಿಯಲ್ಲಿ ನೀವು ಕೇಳುವ ಭಾಷಣ ಕೂಡ ಮೈಕಿನ ಮುಂದೆ ಬರುವ ಮೊದಲು ಹಸ್ತಪ್ರತಿಯಾಗಿ ಇನ್ನೊಬ್ಬರ ಕೈ ಸೇರಿರುತ್ತದೆ. ದೊಡ್ಡವರ ಬರಹಕ್ಕೆ ಎರಡನೆಯ ಕಣ್ಣು ಸಹಜವೆನ್ನುವ ನಾವು, ಅದರ ಅಗತ್ಯ ಎಲ್ಲರಿಗಿಂತ ಹೆಚ್ಚಿರುವ ಹದಿನಾಲ್ಕು ವರ್ಷದ ಮಗುವನ್ನು ಮಾತ್ರ ಒಂದೇ ಏಟಿಗೆ ಬರೆದು ಮುಗಿಸು ಎನ್ನುತ್ತೇವೆ.

ಕುರುಡ ಕುರುಡನಿಗೆ ದಾರಿ ತೋರಿಸಿದಂತೆ ಆಗುವುದಿಲ್ಲವೇ ಎಂಬ ಆಕ್ಷೇಪ ಮೊದಲು ಬರುತ್ತದೆ. ಕಾಗುಣಿತವೇ ಬಾರದ ಹುಡುಗ ಇನ್ನೊಬ್ಬನದನ್ನು ಏನು ತಿದ್ದಿಯಾನು? ಈ ಆಕ್ಷೇಪ ಗೆಳೆಯನನ್ನು ಸಣ್ಣ ಮೇಷ್ಟ್ರು ಎಂದು ಭಾವಿಸಿಕೊಂಡು ಎತ್ತಿದ್ದು. ಅವನು ಓದುಗ ಮಾತ್ರ. ನಿಯಮ ಗೊತ್ತಿಲ್ಲದಿದ್ದರೂ ತನಗೆ ತಿಳಿಯಲಿಲ್ಲ ಎಂದು ಹೇಳುವ ಹಕ್ಕು, ಯೋಗ್ಯತೆ ಎರಡೂ ಓದುಗನಿಗೆ ಇವೆ. ಶ್ರೀವಿಜಯ ಈ ನಾಡಿನ ಸಾಮಾನ್ಯ ಜನರ ಬಗ್ಗೆ ಹೇಳಿದ್ದೂ ಅದನ್ನೇ. ಅದಕ್ಕೇ ನನ್ನ ಸಲಹೆ, ಗೆಳೆಯನ ಕೈಗೆ ಪೆನ್ನು ಕೊಡಬೇಡಿ, ಹಾಳೆ ಕೊಡಿ, ಗಟ್ಟಿಯಾಗಿ ಓದಿಸಿ. ಬರೆದವನು ಸುಮ್ಮನೆ ಕುಳಿತು ಕೇಳಲಿ. ಓದುವವನು ಎಲ್ಲಿ ತಡವರಿಸಿದ, ಎಲ್ಲಿ ಹಿಂದಕ್ಕೆ ಹೋಗಿ ಮತ್ತೆ ಓದಿದ, ಎಲ್ಲಿ ಉಸಿರು ಸಾಲದೆ ನಿಂತ, ಇಷ್ಟು ಗಮನಿಸಿದರೆ ವಾಕ್ಯದ ಅರ್ಧ ದೋಷ ಬರೆದವನಿಗೇ ತಿಳಿಯುತ್ತದೆ. ಆಮೇಲೆ ಎರಡು ಮೂರು ಪ್ರಶ್ನೆ. ಪೆನ್ನು ಕೊನೆಯವರೆಗೂ ಬರೆದವನ ಕೈಯಲ್ಲೇ ಇರಬೇಕು. ಒಪ್ಪುವುದು, ಬಿಡುವುದು ಅವನ ಹಕ್ಕು. ಇಬ್ಬರಿಗೂ ಗೊತ್ತಾಗದ ಶಬ್ದಕ್ಕೆ ನಿಘಂಟು ಇದೆ, ಮೇಷ್ಟ್ರು ಇದ್ದಾರೆ.

ಸಮಯ ಎಲ್ಲಿದೆ ಎಂದು ಶಿಕ್ಷಕರು ಕೇಳುವುದು ನ್ಯಾಯವೇ. ಲೆಕ್ಕ ಹಾಕೋಣ. ತರಗತಿಯಲ್ಲಿ 40 ಮಕ್ಕಳು, ಒಂದು ಪ್ರಬಂಧವನ್ನು ಮನಸ್ಸಿಟ್ಟು ಓದಿ ಎರಡು ಸಾಲು ಬರೆಯಲು 10 ನಿಮಿಷ ಎಂದರೆ 400 ನಿಮಿಷ, ಹತ್ತಿರ ಹತ್ತಿರ ಏಳು ತಾಸು. ಒಂದೇ ತರಗತಿಯ ಒಂದೇ ಪ್ರಬಂಧಕ್ಕೆ. ಯಾವ ಶಿಕ್ಷಕರಿಗೂ ಇದು ಸಾಧ್ಯವಿಲ್ಲ, ಆದ್ದರಿಂದಲೇ ರೈಟು ಗುರುತಿನ ಪದ್ಧತಿ ಬಂದಿದೆ. ಅದೇ 40 ಮಕ್ಕಳು 20 ಜೋಡಿಯಾಗಿ ಕುಳಿತರೆ ಒಂದು ಪೀರಿಯಡ್ಡಿನಲ್ಲಿ ಎಲ್ಲ 40 ಪ್ರಬಂಧಕ್ಕೂ ಓದುಗರು ಸಿಕ್ಕಂತಾಯಿತು. ಶಿಕ್ಷಕರು ಜೋಡಿಯಿಂದ ಜೋಡಿಗೆ ನಡೆದಾಡಿ ಕಿವಿಗೊಟ್ಟರೆ ಸಾಕು. ನಮ್ಮ ಸರಕಾರಿ ಶಾಲೆಗಳಿಗೆ ಇದು ಹೊಸದೂ ಅಲ್ಲ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾಗಿ ಮುಂದೆ ರಾಜ್ಯವೆಲ್ಲ ಹಬ್ಬಿದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಗುಂಪಾಗಿ ಕೂರುತ್ತಾರೆ; ಆ ಗುಂಪುಗಳಲ್ಲಿ ಗೆಳೆಯರ ನೆರವಿನಿಂದ ಕಲಿಯುವ ಗುಂಪುಗಳೂ ಇವೆ. ಆರು ವರ್ಷದ ಮಗು ಗೆಳೆಯನಿಗೆ ಕಲಿಸಬಲ್ಲದು ಎಂದು ಒಪ್ಪಿದ ವ್ಯವಸ್ಥೆ, ಅದೇ ಮಗು ಹೈಸ್ಕೂಲಿಗೆ ಬಂದಾಗ ಆ ನಂಬಿಕೆಯನ್ನು ಯಾಕೆ ಕೈಬಿಟ್ಟಿತು ಎಂಬುದು ನನ್ನ ಪ್ರಶ್ನೆ.

ಇನ್ನು ಭಾಷೆಯ ಮಾತು. ನಮ್ಮ ಮಕ್ಕಳು ಮನೆಯನ್ನು ‘ಮನಿ’ ಎಂದು, ಶಾಲೆಯನ್ನು ‘ಶಾಲಿ’ ಎಂದು, ಇದೆ ಎನ್ನುವಲ್ಲಿ ‘ಅದ’ ಎಂದು ಬರೆಯುತ್ತಾರೆ. ಓದುವ ಗೆಳೆಯನೂ ಅದನ್ನೇ ಆಡುವವನಾದ್ದರಿಂದ ಅವನಿಗೆ ಅದು ತಪ್ಪೆಂದು ಹೊಳೆಯುವುದಿಲ್ಲ ಎಂದು ಹೇಳುವವರಿದ್ದಾರೆ. ನಿಜ. ಆದರೆ ಈ ಮಾತು ತಪ್ಪಲ್ಲ, ಇನ್ನೊಂದು ಕನ್ನಡ. ಗೀತಾ ನಾಗಭೂಷಣ ಅವರು ಇದೇ ಸೀಮೆಯ ಮಾತಿನಲ್ಲಿ ಬರೆದ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪರೀಕ್ಷೆಯ ಪ್ರಬಂಧಕ್ಕೆ ಗ್ರಂಥಭಾಷೆ ಬೇಕು, ಅದನ್ನು ಕಲಿಸಲೇಬೇಕು, ಇದರಲ್ಲಿ ಎರಡು ಮಾತಿಲ್ಲ. ಕಲಿಸುವ ಹೊತ್ತು ಯಾವುದು ಎಂಬುದಷ್ಟೇ ಪ್ರಶ್ನೆ. ಮೊದಲ ಕರಡಿನಲ್ಲೇ ‘ಅದ’ಕ್ಕೆ ಕೆಂಪು ಗೆರೆ ಬಿದ್ದರೆ ಮಗು ತನ್ನ ಮಾತಿನಲ್ಲಿ ಯೋಚಿಸುವುದನ್ನೇ ನಿಲ್ಲಿಸಿ ಗೈಡಿನ ಮಾತಿಗೆ ಮರಳುತ್ತದೆ. ವಿಚಾರ ತನ್ನ ಮಾತಿನಲ್ಲೇ ಮೂಡಲಿ, ಗೆಳೆಯರ ಚರ್ಚೆ ಮನೆಮಾತಿನಲ್ಲೇ ನಡೆಯಲಿ, ಕೊನೆಯ ಪ್ರತಿಯಲ್ಲಿ ಶಿಕ್ಷಕರು ‘ಅದ’ ಪಕ್ಕದಲ್ಲಿ ‘ಇದೆ’ ಇಟ್ಟು ತೋರಿಸಲಿ. ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳಿಗೆ, ಮನೆಯಲ್ಲಿ ಉರ್ದು ಆಡುವ ಮಕ್ಕಳಿಗೆ, ಅಕ್ಕಲಕೋಟ, ಉಮರ್ಗಾ ಕಡೆಯ ಗಡಿಗೆ ಹತ್ತಿದ ಆಳಂದದ ಊರುಗಳ ಮರಾಠಿ ಮನೆಯ ಮಕ್ಕಳಿಗೆ ಈ ಕ್ರಮ ಇನ್ನೂ ಹೆಚ್ಚು ಬೇಕು. ಕನ್ನಡ ಅವರಿಗೆ ಎರಡನೆಯ ಮಾತು. ಎರಡನೆಯ ಮಾತು ಬರುವುದು ಒಬ್ಬರೊಡನೆ ಆಡಿದಾಗ, ಹಾಳೆಯ ಮುಂದೆ ಒಂಟಿಯಾಗಿ ಕುಳಿತಾಗಲ್ಲ.

ನನಗೆ ನಿಜವಾಗಿ ಭಾರವೆನಿಸುವ ಆಕ್ಷೇಪ ಬೇರೆ ಇದೆ. ಶ್ರೀವಿಜಯನ ಎರಡನೆಯ ಮಾತನ್ನು ನೆನೆಯಿರಿ: ತಪ್ಪು ಸಿಕ್ಕರೆ ಜನ ಬಿಡುವುದಿಲ್ಲ, ಕೃತಿಯನ್ನೇ ಹಳಿಯುತ್ತಾರೆ. ಒಂದು ಮಗುವಿನ ಹಾಳೆಯನ್ನು ಇನ್ನೊಂದು ಮಗುವಿನ ಕೈಗೆ ಕೊಟ್ಟಾಗ ಜಾತಿ, ಓಣಿ, ಹುಡುಗ–ಹುಡುಗಿ, ಮಾರ್ಕಿನ ಮೇಲು–ಕೀಳು ಎಲ್ಲವೂ ಆ ಹಾಳೆಯ ಜೊತೆ ಹೋಗುತ್ತವೆ. ತಿದ್ದುವ ನೆಪದಲ್ಲಿ ಹೀಯಾಳಿಸುವುದು ಸುಲಭ. ಒಮ್ಮೆ ಹೀಗಾದ ಮಗು ಮತ್ತೆ ಮನಸ್ಸಿನ ಮಾತು ಬರೆಯಲಾರದು. ಈ ಅಪಾಯವನ್ನು ಅಲ್ಲಗಳೆದು ಮುಂದೆ ಹೋಗುವುದು ಸರಿಯಲ್ಲ. ಇದಕ್ಕೆ ಮದ್ದು ನಮ್ಮ ಒಕ್ಕಲುತನದಲ್ಲೇ ಇದೆ ಎಂದು ನನಗೆ ತೋರುತ್ತದೆ. ಮುಯ್ಯಾಳಿನ ಪದ್ಧತಿಯಲ್ಲಿ ಇವತ್ತು ನಾನು ನಿನ್ನ ಹೊಲದಲ್ಲಿ, ನಾಳೆ ನೀನು ನನ್ನ ಹೊಲದಲ್ಲಿ. ಕೂಲಿ ಇಲ್ಲ, ಒಡೆಯನೂ ಇಲ್ಲ. ಕೆಲಸಕ್ಕೆ ಕೆಲಸವೇ ಮುಯ್ಯಿ. ತನ್ನ ಹೊಲಕ್ಕೂ ನಾಳೆ ಇದೇ ಕೈ ಬರಬೇಕೆಂದು ಗೊತ್ತಿದ್ದವನು ಇನ್ನೊಬ್ಬರ ಪೈರು ತುಳಿಯುವುದಿಲ್ಲ. ತಿದ್ದುವ ಜಾಣರು, ತಿದ್ದಿಸಿಕೊಳ್ಳುವ ದಡ್ಡರು ಎಂದು ಎರಡು ಸಾಲು ಮಾಡಿದರೆ ಈ ಕ್ರಮ ಕೆಟ್ಟಿತೆಂದೇ ಲೆಕ್ಕ. ಪ್ರತಿಯೊಬ್ಬರೂ ಓದಬೇಕು, ಪ್ರತಿಯೊಬ್ಬರೂ ಓದಿಸಿಕೊಳ್ಳಬೇಕು, ಜೋಡಿ ಪ್ರತಿಸಲ ಬದಲಾಗಬೇಕು, ಜೋಡಿ ಕಟ್ಟುವವರು ಶಿಕ್ಷಕರೇ ಆಗಿರಬೇಕು. ಮೊದಮೊದಲು ಹಾಳೆಯ ಮೇಲೆ ಹೆಸರು ಇಲ್ಲದೆ, ಬೇರೆ ವಿಭಾಗದ ಮಕ್ಕಳ ಬರಹ ಅದಲುಬದಲು ಮಾಡಿಕೊಳ್ಳುವುದೂ ಒಳ್ಳೆಯದು. ಮತ್ತು ಮೊದಲ ಮಾತು ಯಾವಾಗಲೂ, ಈ ಬರಹದಲ್ಲಿ ನನಗೆ ನೆನಪುಳಿದದ್ದು ಇದು, ಎಂಬುದೇ ಆಗಿರಲಿ.

ಪರೀಕ್ಷೆಯ ಮಾತು ಬಂದೇ ಬರುತ್ತದೆ. ಎಸ್ಸೆಸ್ಸೆಲ್ಸಿಯ ಪ್ರಥಮ ಭಾಷೆಗೆ ಒಟ್ಟು 125 ಅಂಕ. ಅದರಲ್ಲಿ ಲಿಖಿತ ಪರೀಕ್ಷೆಯ 100ರಲ್ಲಿ ಪ್ರಬಂಧದ ಪಾಲು ಕೆಲವೇ ಅಂಕ, ಅದಕ್ಕೆ ಇಷ್ಟು ದುಡಿಮೆ ಏಕೆ ಎನ್ನುತ್ತಾರೆ. ಗೈಡು ಬಾಯಿಪಾಠ ಮಾಡಿದವನಿಗೂ ಆ ಅಂಕ ಸಿಗುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಉಳಿದ 25 ಆಂತರಿಕ ಮೌಲ್ಯಮಾಪನದ್ದು, ಅದು ಶಾಲೆಯ ಕೈಯಲ್ಲೇ ಇದೆ. ಮೊದಲ ಕರಡು, ಗೆಳೆಯನ ಪ್ರಶ್ನೆಗಳು, ಎರಡನೆಯ ಪ್ರತಿ, ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿಟ್ಟು, ಮೊದಲನೆಯದರಿಂದ ಎರಡನೆಯದಕ್ಕೆ ಆದ ಬದಲಾವಣೆಗೆ ಅಂಕ ಕೊಡಲು ಯಾವ ಅಡ್ಡಿಯೂ ಇಲ್ಲ. ಕಲಿಕೆಯನ್ನು ನಿರಂತರವಾಗಿ, ವ್ಯಾಪಕವಾಗಿ ಅಳೆಯಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ತರಗತಿಯವರೆಗಿನ ಮಕ್ಕಳ ವಿಷಯದಲ್ಲಿ ಹೇಳಿದ್ದೂ ಇಂಥದ್ದಕ್ಕೇ.

2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲೂಕಿನ ಕಡಗಂಚಿಯಲ್ಲಿದೆ. ಅಲ್ಲಿನ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಸುತ್ತಲಿನ ಹೈಸ್ಕೂಲುಗಳಿಗೆ ಬಂದು ಮಕ್ಕಳ ಬರಹಕ್ಕೆ ಹೊರಗಿನ ಓದುಗರಾಗಬಹುದು. ಆದರೆ ಅದಕ್ಕಿಂತ ಹತ್ತಿರದ ಓದುಗರು ಇದ್ದಾರೆ. ಬಾರ್ಬಿಯಾನಾದ ಹುಡುಗರು ಹೆಚ್ಚು ಓದದವರನ್ನೇ ಹುಡುಕಿ ಕರೆತಂದದ್ದು ನೆನಪಿರಲಿ. ಅಂಥ ಕೇಳುಗರು ನಮ್ಮ ಮಕ್ಕಳ ಮನೆಯಲ್ಲೇ ಇದ್ದಾರೆ. ಅಕ್ಷರ ಬಾರದ ತಾಯಿಗೆ ನೋಟುಪುಸ್ತಕ ಓದಲು ಬರುವುದಿಲ್ಲ. ಓದಿ ಹೇಳಿದರೆ ಕೇಳಲು ಬರುತ್ತದೆ, ಎಲ್ಲಿ ತಪ್ಪಿದೆ ಎಂದು ಹೇಳಲೂ ಬರುತ್ತದೆ. ಗೆಳೆಯನ ಪ್ರಶ್ನೆಗಳ ನಂತರ ಎರಡನೆಯ ಸಲ ಬರೆದ ‘ನಮ್ಮೂರಿನ ತೊಗರಿ’ ಎಂಬ ಪ್ರಬಂಧವನ್ನು ಮಗಳು ರಾತ್ರಿ ರೊಟ್ಟಿ ಬಡಿಯುವ ಒಲೆಯ ಮುಂದೆ ಗಟ್ಟಿಯಾಗಿ ಓದಲಿ. ಬೆಳೆ ಒಣಗಿದ್ದಕ್ಕೆ ಮಳೆಯ ಕೊರತೆ ಕಾರಣ ಎಂದು ಅವಳು ಬರೆದಿದ್ದರೆ, ತಾಯಿಯ ಕೈ ಅಲ್ಲೇ ನಿಲ್ಲುತ್ತದೆ: “ಮಳಿ ಆಗಿತ್ತಲ್ಲವ್ವಾ, ಗಿಡ ಒಣಗಿದ್ದು ನೆಟೆ ರೋಗಕ್ಕ.” ಆ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆಯಲು ಮಗಳ ಕೈಯಲ್ಲಿ ಪೆನ್ನು ಇನ್ನೂ ಇದೆ.